ಅರಿಶಿನದ ತುದಿ

ಬಟ್ಟೆಯನ್ನು ಬಿಟ್ಟರೆ ನಾನು ಈ ಲೋಕದಲ್ಲಿ ಯಾರನ್ನೂ ನಂಬಿದವಳಲ್ಲ. ಬಟ್ಟೆಯನ್ನೂ ಮುಟ್ಟಿ ನೋಡದೆ ನಂಬಿಲ್ಲ. ಕೆ.ಆರ್. ನಗರದ ಪೇಟೆಯಲ್ಲಿ ನಮ್ಮ ಯಜಮಾನರು ಷಣ್ಮುಖಪ್ಪನವರ ಬಟ್ಟೆ ಅಂಗಡಿ ಇದೆ. ಬೋರ್ಡಿನ ಮೇಲಿನ ಹೆಸರು ಅವರದು, ಕಣ್ಣು ನನ್ನದು. ‘ಅಪ್ಪಟ ಹತ್ತಿ’ ಎಂದು ಚೀಟಿ ಅಂಟಿಸಿಕೊಂಡು ಬಂದ ಪಾಲಿಸ್ಟರ್ ಸೀರೆಗಳನ್ನು ಎಷ್ಟು ಸಲ ಹಿಂದಕ್ಕೆ ಕಳಿಸಿದ್ದೇನೋ ಲೆಕ್ಕವಿಲ್ಲ. ಹತ್ತಿಯನ್ನು ಮುಷ್ಟಿಯಲ್ಲಿ ಹಿಸುಕಿ ಬಿಟ್ಟರೆ ಸುಕ್ಕು ಉಳಿಯುತ್ತದೆ. ಪಾಲಿಸ್ಟರು ಏನೂ ಆಗಿಯೇ ಇಲ್ಲವೆಂಬಂತೆ ಎದ್ದು ನಿಲ್ಲುತ್ತದೆ. ಏನೂ ಆಗಿಯೇ ಇಲ್ಲವೆಂಬಂತೆ ಇರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ.

‘ಮಂಗಳಗೌರಿ ಮನುಷ್ಯರನ್ನೂ ಹಿಸುಕಿ ನೋಡುತ್ತಾಳೆ’ ಎಂದು ಯಜಮಾನರು ರೇಗಿಸುತ್ತಾರೆ. ರೇಗಿಸಲಿ. ಮಗ ರೇಣುಕಾಪ್ರಸಾದನ ಅಂಗಿಯನ್ನು ನೀರಿಗೆ ಹಾಕುವ ಮುಂಚೆ ನಾನು ಜೇಬು ತಡಕುತ್ತೇನೆ. ಅವನು ಸ್ನಾನಕ್ಕೆ ಹೋದಾಗ ಫೋನಿನಲ್ಲಿ ಯಾರ್ಯಾರ ಕರೆ ಬಂದಿದೆ ಎಂದು ನೋಡುತ್ತೇನೆ. ಮೂವತ್ತು ದಾಟಿದ ಮಗನಾದರೇನು, ಹೆತ್ತವಳಿಗೆ ಅಷ್ಟೂ ಹಕ್ಕಿಲ್ಲವೇ? ಅವನೂ ಒಂದು ದಿನವೂ ಎದುರಾಡಿದವನಲ್ಲ. ‘ಹೂಂ ಕಣವ್ವ’ ಅಂದರೆ ಅವನ ಮಾತು ಮುಗಿಯಿತು.

ಅವನಿಗೆ ಗೊತ್ತು ಮಾಡಿದ್ದು ಹುಣಸೂರಿನ ನಂಜುಂಡೇಶ್ ಅವರ ಮಗಳು ರಾಧಾಳನ್ನು. ತಾಯಿಯಿಲ್ಲದ ಹುಡುಗಿ. ಅಪ್ಪ ಮಗಳು ಸೇರಿ ಬಟ್ಟೆಗೆ ಅಚ್ಚು ಹಾಕುವ ಮಳಿಗೆ ನಡೆಸುತ್ತಾರೆ. ಪಿರಿಯಾಪಟ್ಟಣದ ಕಬಡ್ಡಿ ತಂಡದವರ ಜೆರ್ಸಿ, ಎಚ್.ಡಿ. ಕೋಟೆ ಕಡೆಯ ಶಾಲೆಗಳ ಆಟದ ಅಂಗಿ, ಗುರುಪುರದ ಟಿಬೆಟನ್ನರ ಪ್ರಾರ್ಥನೆಯ ಬಾವುಟ, ಎಲ್ಲ ಅಲ್ಲೇ ಆಗುತ್ತವೆ. ಅಪ್ಪ ಗಿರಾಕಿಗಳ ಜೊತೆ ಮಾತಾಡುತ್ತಾರೆ, ಕೆಲಸವೆಲ್ಲ ಮಗಳದು.

ಹೆಣ್ಣು ನೋಡಲು ಹೋದ ದಿನ ಹುಡುಗಿ ಕಾಫಿ ತರಲು ಒಳಗೆ ಹೋದಳು. ಗಂಡಸರು ಅಂಗಳದಲ್ಲಿ ಮಾತಾಡುತ್ತಿದ್ದರು. ಅವಳ ಬ್ಯಾಗು ಮಂಚದ ಮೇಲೆಯೇ ಇತ್ತು. ಸುಮ್ಮನೆ ಜಿಪ್ಪು ಎಳೆದು ಒಂದು ಸಲ ಕೈಯಾಡಿಸಿದೆ. ಬಾಚಣಿಗೆ, ಬಣ್ಣದ ಕಲೆಯ ಕರವಸ್ತ್ರ, ತಲೆನೋವಿನ ಮಾತ್ರೆ. ಅಷ್ಟೇ. ಏನೂ ಸಿಗದೇ ಇದ್ದದ್ದು ನನಗೆ ಅಷ್ಟು ಸರಿಕಾಣಲಿಲ್ಲ.

ಎಲ್ಲರೂ ಒಳಗೆ ಬಂದ ಮೇಲೆ ಕಾಫಿ ಕುಡಿಯುತ್ತ ಮಾತನ್ನು ಬಿಡಿಸಿಯೇ ಹೇಳಿದೆ. “ಮದ್ವೆ ಆದ್ಮೇಲೆ ಈ ಅಚ್ಚು ಗಿಚ್ಚು ಎಲ್ಲ ಬೇಡ ಕಣವ್ವ. ನಮ್ಮ ಅಂಗ್ಡೀಲಿ ನನ್ ಕಣ್ಮುಂದೆ ಕೂತಿದ್ರೆ ಸಾಕು.” ಹುಡುಗಿ ತಲೆಯೆತ್ತಲಿಲ್ಲ. ನಂಜುಂಡೇಶ್ ಅವರಂತೂ ಅಲ್ಲೇ ಕೈ ಮುಗಿದು, “ನೀವು ಎಂಗೇಳ್ತೀರೋ ಅಂಗೆ ಅಕ್ಕಾರೆ, ಮಾತು ಕೊಟ್ಟಾಯ್ತು,” ಎಂದುಬಿಟ್ಟರು.

ವೀಳ್ಯದ ಶಾಸ್ತ್ರಕ್ಕೆ ನಮ್ಮ ಕಡೆಯಿಂದ ಸೀರೆ ಕೊಟ್ಟೆವು. ಸೊಸೆಗೆ ಕೊಡುವ ಮೊದಲ ಸೀರೆ ಹತ್ತಿಯದೇ ಆಗಬೇಕೆಂಬುದು ನಮ್ಮ ಮನೆಯ ಪದ್ಧತಿ. ಕೆನೆಬಣ್ಣದ ಮೈ, ಕೆಂಪು ಅಂಚು, ನಾನೇ ಆರಿಸಿದ್ದು. ಎಲ್ಲರೂ ಹೊಸ ಬಟ್ಟೆಗೆ ಅರಿಶಿನ ಹಚ್ಚುತ್ತಾರೆ, ಸೆರಗಿನ ಮೂಲೆಗೆ. ನಾನು ಹಚ್ಚುವುದು ಒಳತುದಿಗೆ, ಸೊಂಟದಲ್ಲಿ ಸಿಕ್ಕಿಸಿಕೊಂಡು ಮರೆಯಾಗುವ ಕಡೆಗೆ. ಅದು ಶಾಸ್ತ್ರಕ್ಕಲ್ಲ, ಗುರುತಿಗೆ. ನಮ್ಮ ಕೈಬಿಟ್ಟು ಹೋದ ಬಟ್ಟೆ ಯಾವ ಕಾರಣಕ್ಕೆ ಹಿಂತಿರುಗಿದರೂ ಮೊದಲು ಒಳತುದಿ ಬಿಡಿಸಿ ನೋಡುತ್ತೇನೆ. ಬದಲಾಯಿಸಿ ತಂದವರು ಅಲ್ಲೇ ಸಿಕ್ಕಿಬೀಳುತ್ತಾರೆ. ಈ ಗುಟ್ಟು ನಮ್ಮ ಮನೆಯವರಿಗಲ್ಲದೆ ಹೊರಗಿನ ನರಪಿಳ್ಳೆಗೂ ಗೊತ್ತಿಲ್ಲ.

ಕಳೆದ ವಾರ ರೇಣುಕ ಅಂಗಡಿಯ ಕೆಲಸಕ್ಕೆಂದು ಹುಣಸೂರಿಗೆ ಹೋಗಿದ್ದ. ಬರುವಾಗ ಅದೇ ಸೀರೆಯನ್ನು ತಂದ. “ರಾಧಾ ಕೊಟ್ಳು. ಸೆರಗಿಗೆ ಕುಚ್ಚು ಕಟ್ಟಿಸ್ಕೊಡ್ಬೇಕಂತೆ,” ಎಂದ. ನಮ್ಮ ಅಂಗಡಿಯಲ್ಲಿ ಕುಚ್ಚು ಕಟ್ಟುವವರಿದ್ದಾರೆ, ಕಳಿಸಿದ್ದರಲ್ಲಿ ತಪ್ಪೇನಿಲ್ಲ. ಅಭ್ಯಾಸಬಲದಿಂದ ಒಳತುದಿ ಬಿಡಿಸಿದೆ. ನನ್ನ ಅರಿಶಿನ ಇತ್ತು. ಅದರ ಪಕ್ಕದಲ್ಲೇ, ಎರಡು ಬೆರಳಗಲ, ನೀಲಿ ಅಕ್ಷರ: ಮಾದೇಶ.

ಯಾವನೋ ಗಂಡಸಿನ ಹೆಸರು ಕಂಡು ಗಾಬರಿಯಾಯಿತು. ನಿಜ ಹೇಳಬೇಕೆಂದರೆ ಅದರ ಹಿಂದೆಯೇ ಒಂದು ಸಮಾಧಾನವೂ ಆಯಿತು. ಬ್ಯಾಗಿನಲ್ಲಿ ಸಿಗದೇ ಇದ್ದದ್ದು ಇಲ್ಲಿ ಸಿಕ್ಕಿತಲ್ಲ ಎಂದು.

“ಯಾರ್ಲಾ ಇವ್ನು ಮಾದೇಶ?” ಎಂದು ರೇಣುಕನನ್ನು ಕೇಳಿದೆ.

“ನಂಗೇನ್ ಗೊತ್ತವ್ವ?” ಎಂದು ಗೋಡೆಯ ಕಡೆ ನೋಡಿದ. ಪಾಪ, ಹುಡುಗನ ಮನಸ್ಸು ಒಡೆದುಹೋಗಿದೆ ಎಂದುಕೊಂಡೆ.

“ಬುಡು ಅತ್ಲಾಗೆ, ಅವರ ಅಂಗ್ಡೀಲಿ ಯಾವ್ದೋ ಬಣ್ಣ ತಾಗಿರ್ತದೆ,” ಎಂದರು ಯಜಮಾನರು. ಬಿಡುವ ಜಾಯಮಾನ ನನ್ನದಲ್ಲ. ಮಾರನೆಯ ಬೆಳಿಗ್ಗೆಯೇ ಸೀರೆಯನ್ನು ಚೀಲಕ್ಕೆ ಹಾಕಿಕೊಂಡು, ಮಗನನ್ನು ಕರೆದುಕೊಂಡು ಹುಣಸೂರಿನ ಬಸ್ಸು ಹತ್ತಿದೆ.

ಮಳಿಗೆಯಲ್ಲಿ ನಂಜುಂಡೇಶ್ ಗಡಿಬಿಡಿಯಿಂದ ಕುರ್ಚಿ ಎಳೆದರು. ನಾನು ಕೂರಲಿಲ್ಲ. ಸೀರೆಯ ಒಳತುದಿಯನ್ನು ಮೇಜಿನ ಮೇಲೆ ಹರಡಿದೆ. ಅವರು ಬಗ್ಗಿ ಓದಿದರು. ಮುಖ ಬಿಳಿಚಿಕೊಂಡಿತು. ಮಗಳ ಕಡೆ ನೋಡಿದರು. ಅವಳು ಬಣ್ಣ ಎಳೆದು ಅಚ್ಚು ಹಾಕುವ, ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆಯನ್ನು ಒರೆಸುತ್ತಿದ್ದಳು, ಒರೆಸುತ್ತಲೇ ಇದ್ದಳು.

ಆ ಮನುಷ್ಯನ ಕಣ್ಣು ಎಲ್ಲೆಲ್ಲೋ ಹುಡುಕಾಡಿ ಮೂಲೆಯಲ್ಲಿದ್ದ ಕಬಡ್ಡಿ ಜೆರ್ಸಿಗಳ ರಾಶಿಯ ಮೇಲೆ ನಿಂತಿತು. ಓಡಿಹೋಗಿ ಒಂದನ್ನು ಎಳೆದು ತಂದರು. ಎದೆಯ ಮೇಲೆ ಅದೇ ನೀಲಿ, ಅದೇ ಅಳತೆ, ಅದೇ ಹೆಸರು.

“ಇಲ್ನೋಡಿ ಅಕ್ಕಾರೆ! ಪಿರಿಯಾಪಟ್ಟಣದ ಟೀಮು. ನಮ್ದು ಬಿಸಿ ಪ್ರೆಸ್ಸು, ಕಾಗ್ದದ ಮೇಲಿರೋ ಬಣ್ಣ ಬಿಸಿಗೆ ಅಂಗೇ ಹೊಗೆ ಥರ ಆಗಿ ಬಟ್ಟೆ ಒಳೀಕ್ ಓಯ್ತದೆ. ಕೆಳಗೆ ಬೇರೆ ಬಟ್ಟೆ ಇದ್ರೆ ಅದ್ಕೂ ಇಳೀತದೆ. ಸೀರೆ ಇಲ್ಲೇ ಮಡ್ಸಿ ಮಡಗಿದ್ಲೇನೋ. ಅಷ್ಟೇ! ರಾಧಾ, ಒಂದ್ಸಲ ಮಾಡಿ ತೋರ್ಸವ್ವ.”

ಅವಳು ಎದ್ದಳು. ಒಂದು ಬಿಳಿ ತುಂಡು ಹಾಸಿದಳು, ಅದರ ಮೇಲೆ ಖಾಲಿ ಜೆರ್ಸಿ, ಅದರ ಮೇಲೆ ಹೆಸರಿನ ಕಾಗದ. ಹಿಡಿಕೆ ಒತ್ತಿದಳು. ಬಿಸಿ ಬಣ್ಣದ ಒಗರು ವಾಸನೆ ಎದ್ದಿತು. ತೆಗೆದಾಗ ಜೆರ್ಸಿಯ ಮೇಲೆ ಮಾದೇಶ ಅಚ್ಚಾಗಿದ್ದ, ಕೆಳಗಿನ ಬಿಳಿ ತುಂಡಿನ ಮೇಲೂ ತೆಳ್ಳಗೆ ಮಾದೇಶ ಇದ್ದ. ನಂಜುಂಡೇಶ್ ಅವರಿಗೆ ಕಣ್ಣಲ್ಲಿ ನೀರು ಬಂತು. “ನೋಡಿದ್ರಾ? ನೋಡಿದ್ರಾ?” ಎಂದು ಎರಡು ಸಲ ಕೇಳಿದರು.

ನಾನು ಬಿಳಿ ತುಂಡನ್ನು ತೆಗೆದುಕೊಂಡು ಮುಷ್ಟಿಯಲ್ಲಿ ಹಿಸುಕಿ ಬಿಟ್ಟೆ. ಏನೂ ಆಗಿಯೇ ಇಲ್ಲವೆಂಬಂತೆ ಎದ್ದು ನಿಂತಿತು.

“ಇದು ಪಾಲಿಸ್ಟರು. ನಾನು ಕೊಟ್ಟಿರೋದು ಹತ್ತಿ. ಹತ್ತಿ ಮೇಲೆ ಮಾಡಿ ತೋರ್ಸಿ,” ಎಂದೆ.

“ಬಟ್ಟೆ ಬಟ್ಟೆನೇ ಅಲ್ವ ಅಕ್ಕಾರೆ?” ಎಂದರು ಅವರು. ಆ ಹುಡುಗಿ ಮಾತ್ರ ಅವತ್ತು ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದಳು.

ನನ್ನ ಸೊಂಟದಲ್ಲಿದ್ದ ಹತ್ತಿಯ ಕರವಸ್ತ್ರವನ್ನೇ ಕೊಟ್ಟೆ. ಅದನ್ನು ಕೆಳಗಿಟ್ಟು ಒತ್ತಿದಳು. ಅದರ ಮೇಲೂ ನೀಲಿ ಬಂತು, ಆದರೆ ಮಂಕು ಮಂಕಾಗಿ. “ಬಂತಲ್ಲ!” ಎಂದರು ನಂಜುಂಡೇಶ್. ಬಂದದ್ದು ನಿಲ್ಲುತ್ತದೆಯೇ ಎಂಬುದು ನನ್ನ ಪ್ರಶ್ನೆ. “ನಲ್ಲಿ ಎಲ್ಲೈತೆ?” ಎಂದು ಕರವಸ್ತ್ರವನ್ನೂ ಸೀರೆಯನ್ನೂ ಎತ್ತಿಕೊಂಡೆ. ರಾಧಾ ಸೋಪು ಹಿಡಿದು ಹಿತ್ತಲಿಗೆ ಬಂದಳು. ಗಂಡಸರು ಮುಂದೆಯೇ ಉಳಿದರು.

ಮೊದಲು ಕರವಸ್ತ್ರಕ್ಕೆ ಸೋಪು ಹಾಕಿ ಚೆನ್ನಾಗಿ ಉಜ್ಜಿದೆ. ನೀಲಿ ಕರಗಿ ನೀರಿನ ಜೊತೆ ಹರಿದುಹೋಯಿತು. ಹತ್ತಿಗೆ ಆ ಬಣ್ಣ ಅಂಟಲಿಲ್ಲ. ಆಮೇಲೆ ಸೀರೆಯ ತುದಿಯನ್ನು ಉಜ್ಜಿದೆ. ಸೋಪು ತಾಗಿ ಅರಿಶಿನ ಕೆಂಪಾಯಿತು. ಮಾದೇಶ ಅಲ್ಲಾಡಲಿಲ್ಲ.

“ಇದು ಪ್ರೆಸ್ಸಿಂದ ಇಳಿದ ಬಣ್ಣ ಅಲ್ಲ,” ಎಂದೆ. “ಹತ್ತಿಗೆ ಅಂತ್ಲೇ ಬೇರೆ ಬಣ್ಣ ಕಲಸಿ, ಜಾಲರಿ ಇಟ್ಟು ಎಳೆದಿರೋದು. ಬೇಕೂಂತ ಹಾಕಿರೋದು. ಯಾರು ಹಾಕಿದ್ದು?”

“ನಾನೇ ಅತ್ತೆ.”

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾಳೆ ಎಂದುಕೊಂಡಿರಲಿಲ್ಲ. “ಯಾರವ್ನು?”

“ಗೊತ್ತಿಲ್ಲ. ಟೀಮಲ್ಲಿ ಆಡ್ತಾನಂತೆ, ಮುಖನೂ ಕಂಡಿಲ್ಲ. ಅವತ್ತು ಅವನ ಜೆರ್ಸಿ ಕೈಲಿತ್ತು, ಅದೇ ಹೆಸರು ಹಾಕ್ದೆ.”

“ಸುಳ್ಳು!”

“ಸುಳ್ಳು ಅಂತ್ಲೇ ಅನ್ಕೊಳ್ಳಿ. ಸಂಬಂಧ ಮುರ್ಕೊಳ್ಳಿ. ನೀವು ಮುರ್ಕೊಳ್ಲಿ ಅಂತ್ಲೇ ಹಾಕಿದ್ದು.” ಅವಳು ಕೈಚಾಚಿ ನಲ್ಲಿ ನಿಲ್ಲಿಸಿದಳು. “ಅಪ್ಪ ಮಾತು ಕೊಟ್ಬುಟ್ಟವ್ರೆ. ನಾನ್ ಬೇಡ ಅಂದ್ರೆ ಅವರ ಮಾತು ಓಯ್ತದೆ, ಊರೋರ ಮುಂದೆ ತಲೆ ಎತ್ತಲ್ಲ ಅವ್ರು. ನೀವು ಬೇಡ ಅಂದ್ರೆ ನನ್ನ ಹೆಸರು ಓಯ್ತದೆ, ಅಷ್ಟೇ ತಾನೆ?”

“ಹೆಸರು ಕೆಡಿಸ್ಕೊಂಡಾದ್ರೂ ಸರಿ, ನಮ್ಮನೆ ಬೇಡ್ವ ನಿಂಗೆ? ಅಂತಾದ್ದು ಏನ್ ಮಾಡಿದ್ವವ್ವ ನಾವು?”

ಅವಳು ಸೋಪನ್ನು ಕಲ್ಲಿನ ಮೇಲಿಟ್ಟಳು. “ಅವತ್ತು ಕಾಫಿ ತರಕ್ಕೋದಾಗ ಬಾಗ್ಲ ಸಂದೀಲಿ ನೋಡ್ದೆ ಅತ್ತೆ. ನೀವು ನನ್ ಬ್ಯಾಗಲ್ಲಿ ಕೈಯಾಡಿಸ್ತಿದ್ರಿ. ಕೆಲಸ ಬುಡು ಅಂದಿದ್ದನ್ನಾದ್ರೂ ಸಹಿಸ್ಕೊಂತಿದ್ನೇನೋ. ಮೊದಲ್ನೇ ದಿನಕ್ಕೇ ಅಂಗಾದ್ರೆ, ಆಮೇಲೆ ದಿನಾ ಏನೇನ್ ಕಾದಿದ್ಯೋ ಅನ್ಕೊಂಡೆ.”

ನನಗೆ ನಾಚಿಕೆಯಾಯಿತು. ನಾಚಿಕೆಯಾಯಿತಲ್ಲ ಎಂದು ಸಿಟ್ಟೂ ಬಂತು. ನಿನ್ನೆ ಮೊನ್ನೆಯ ಹುಡುಗಿ ನನ್ನ ಅನುಮಾನವನ್ನು ಲೆಕ್ಕ ಹಾಕಿ, ಅದಕ್ಕೆ ಬೇಕಾದ ಮೇವು ಹಾಕಿ, ನನ್ನನ್ನು ಬಸ್ಸು ಹತ್ತಿಸಿ ಇಲ್ಲಿಗೆ ಕರೆಸಿಕೊಂಡಿದ್ದಾಳೆ. ಎರಡು ಮಾತು ಬೈಯೋಣವೆಂದು ಸೀರೆಯ ತುದಿಯನ್ನು ಮತ್ತೆ ನೋಡಿದೆ. ಅಕ್ಷರದ ಅಂಚು ಎಲ್ಲೂ ಹರಡಿರಲಿಲ್ಲ, ಎಳೆ ಎಳೆಯೂ ಬಣ್ಣ ಕುಡಿದಿತ್ತು. ಅಷ್ಟು ಚೊಕ್ಕವಾದ ಅಚ್ಚನ್ನು ನಾನು ಅಂಗಡಿಗೆ ಬರುವ ಮಾಲಿನಲ್ಲೂ ಕಂಡಿಲ್ಲ. ಈ ಕೈಯನ್ನು ನನ್ನ ಕಣ್ಣಮುಂದೆ ಸುಮ್ಮನೆ ಕೂರಿಸಬೇಕೆಂದಿದ್ದೆನಲ್ಲ ಎನಿಸಿತು. ಬೈಗುಳ ಬಾಯಿಗೆ ಬರಲಿಲ್ಲ.

ಮುಂದಿನ ಕೋಣೆಗೆ ಬಂದಾಗ ನಂಜುಂಡೇಶ್ ಎದ್ದು ನಿಂತರು. ತೀರ್ಪಿಗೆ ಕಾಯುವವರ ಮುಖ ಅದು. ಬಟ್ಟೆಯ ವಿಷಯದಲ್ಲಿ ಒಂದು ದಿನವೂ ಸುಳ್ಳು ಹೇಳದವಳು ಅಂದು ಹೇಳಿದೆ.

“ಪ್ರೆಸ್ಸಿಂದೇ ಕಣ್ರೀ ಗುರುತು. ನಾನೇ ಉಜ್ಜಿ ನೋಡ್ದೆ. ನಿಮ್ ಮಗ್ಳದು ಒಂದ್ ಎಳೆಯಷ್ಟೂ ತಪ್ಪಿಲ್ಲ.”

ಅವರು ಉಸಿರು ಬಿಡುವಷ್ಟರಲ್ಲಿ ಉಳಿದದ್ದನ್ನೂ ಹೇಳಿ ಮುಗಿಸಿದೆ. “ಆದ್ರೆ ಈ ಸಂಬಂಧ ಇಲ್ಲಿಗೇ ಸಾಕು. ನಮ್ ಹುಡುಗನ್ಗೇ ಮನಸ್ಸಿಲ್ಲ, ಮುಂಚೆನೇ ಹೇಳ್ಬೇಕಿತ್ತು, ಹೇಳ್ಲಿಲ್ಲ. ಯಾರು ಕೇಳಿದ್ರೂ ಕೆ.ಆರ್. ನಗರದೋರು ಮಾತು ತಪ್ಪಿದ್ರು ಅಂತ್ಲೇ ಅನ್ನಿ.”

ಅವರು ನನ್ನ ಮುಖ ನೋಡಿದರು, ರೇಣುಕನ ಮುಖ ನೋಡಿದರು, ಕುರ್ಚಿಯ ಮೇಲೆ ಕುಸಿದು ಕೂತರು. ರಾಧಾ ಬಾಗಿಲ ಬಳಿ ನಿಂತು ಕೈ ಒರೆಸಿಕೊಳ್ಳುತ್ತಿದ್ದಳು. ಮನಸ್ಸಿಲ್ಲವೆಂದು ಸುಳ್ಳು ಹೊರಿಸಿದ್ದಕ್ಕೆ ನನ್ನ ಮಗ ಬೆಚ್ಚಿಬೀಳಬೇಕಿತ್ತು. ಬೀಳಲಿಲ್ಲ. ಚೀಲ ಎತ್ತಿಕೊಂಡು, “ನಡಿಯವ್ವ,” ಎಂದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವನು, ಈ ಕಡೆ ನಾನು. ಊರು ದಾಟಿ ಹೊಗೆಸೊಪ್ಪಿನ ಹೊಲಗಳು ಶುರುವಾದವು. ಒದ್ದೆಯಾದ ಸೀರೆ ತೊಡೆಯ ಮೇಲೆ ತಣ್ಣಗಿತ್ತು. ಆ ಹುಡುಗಿ ಹೇಳಿದ್ದು ನಿಜವೋ, ಮಾದೇಶ ಎಂಬವನು ನಿಜಕ್ಕೂ ಇದ್ದಾನೋ ಎಂದು ತಲೆ ಮತ್ತೆ ಕೊರೆಯಲು ತೊಡಗಿತು. ಹುಟ್ಟುಗುಣ, ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಹಾಗೆ ಕೊರೆಯುತ್ತಿರುವಾಗಲೇ ಇನ್ನೊಂದು ಹೊಳೆಯಿತು. ಅವಳು ಆ ಹೆಸರನ್ನು ಸೆರಗಿಗೆ ಹಾಕಬಹುದಿತ್ತು. ಅಂಚಿಗೆ ಹಾಕಬಹುದಿತ್ತು. ಯಾರೂ ನೋಡದ ಒಳತುದಿಗೆ, ನನ್ನ ಅರಿಶಿನದ ಪಕ್ಕಕ್ಕೇ ಹಾಕಿದ್ದಳು. ನಾನು ಮೊದಲು ಬಿಡಿಸುವುದು ಅದನ್ನೇ ಎಂದು ಅವಳಿಗೆ ಹೇಗೆ ಗೊತ್ತು?

ಮಗನ ಕಡೆ ತಿರುಗಿದೆ. ಅವನು ಹೊರಗೆ ನೋಡುತ್ತಿದ್ದ.

“ಒಳತುದಿ ವಿಷ್ಯ ಆ ಹುಡುಗೀಗೆ ಯಾರ್ಲಾ ಹೇಳಿದ್ದು?”

ಗೋಡೆ ಇರಲಿಲ್ಲ ನೋಡಲು, ಕಿಟಕಿ ಮಾತ್ರ ಇತ್ತು.

“ನಾನೇ ಕಣವ್ವ.”

“ನೀನಾ? ಹುಡುಗಿ ಇಷ್ಟ ಇರ್ಲಿಲ್ವ ನಿಂಗೆ?”

“ಇಷ್ಟ ಇತ್ತು.”

“ಮತ್ಯಾಕ್ಲಾ?”

ಅವನು ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

“ನಾನಂತೂ ತಪ್ಪಿಸ್ಕೊಳ್ಳಕ್ಕಾಗಲ್ಲ. ಅವಳಾದ್ರೂ ತಪ್ಪಿಸ್ಕೊಳ್ಲಿ ಅಂತ.”

ಕಂಡಕ್ಟರ್ ಬಂದು ಟಿಕೆಟ್ ಹರಿದು ಕೊಟ್ಟ. ರೇಣುಕ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

ಮಾರನೆಯ ದಿನ ಅವನ ಅಂಗಿಯನ್ನು ಎಂದಿನಂತೆ ಕೈಗೆತ್ತಿಕೊಂಡೆ. ಜೇಬಿನ ಬಳಿ ಕೈ ಹೋಯಿತು, ನಿಂತಿತು. ಹಾಗೆಯೇ ಬಕೆಟ್ಟಿನಲ್ಲಿ ಅದ್ದಿದೆ. ಸ್ವಲ್ಪ ಹೊತ್ತಿಗೆ ಬಸ್ಸಿನ ಟಿಕೆಟ್ಟು ಮುದ್ದೆಯಾಗಿ ನೀರಿನ ಮೇಲೆ ತೇಲಿ ಬಂತು.