ಕೇಳದೆ ತೆಗೆದ ನಕಲು

“ಎಷ್ಟು ಸೆಟ್ ತೆಗೆದೆ ಅಪ್ಪ? ಅದೊಂದು ಬಾಯಿಬಿಟ್ಟು ಹೇಳು.”

“ಮೊದಲು ದನಿ ತಗ್ಗಿಸು. ಇದು ಅಂಗಡಿ.”

“ಅಂಗಡಿ ಅಂತ ಈಗ ನೆನಪಾಯ್ತಾ?”

ಮಗಳು ಹಾಗಂದಾಗ ಅವನಿಗೆ ಕೈ ಎತ್ತುವಷ್ಟು ಸಿಟ್ಟು ಬಂತು. ಎತ್ತಲಿಲ್ಲ. ಜೆರಾಕ್ಸ್ ಯಂತ್ರದ ಮುಚ್ಚಳವನ್ನು ದಡಾರನೆ ಹಾಕಿ, ಐದು ಅಂದ.

ಬೀದಿಯವರು ಅವನನ್ನು ಕರೆಯುತ್ತಿದ್ದುದೇ ಲಗತ್ತಪ್ಪ ಅಂತ. ಸರಕಾರಿ ಕಚೇರಿಗಳ ಎದುರಿಗೇ ಅವನ ಅಂಗಡಿ. ಅರ್ಜಿ ಹಿಡಿದು ಬಂದವರಿಗೆಲ್ಲ ಒಂದೇ ಬುದ್ಧಿವಾದ: ಬರೀ ಅರ್ಜಿ ಕೊಟ್ಟರೆ ಯಾವ ನನ್ಮಗನೂ ಓದೋದಿಲ್ಲ, ಲಗತ್ತು ಇರಬೇಕು. ಮನೆ ಸೋರುತ್ತೆ ಅಂತ ಅರ್ಜಿ ಬರೆದರೆ ಸೋರುವ ಗೋಡೆಯ ಫೋಟೊ ಇರಬೇಕು, ಕಾಲು ಮುರಿದಿದೆ ಅಂದರೆ ಮುರಿದ ಕಾಲಿನದು. ಹಾಗೆ ಲಗತ್ತು ಹಚ್ಚಿ ಎಷ್ಟೋ ಜನರ ಕೆಲಸವನ್ನು ಅವನು ದಡ ಹತ್ತಿಸಿದ್ದ. ಮಗಳ ವಿಷಯದಲ್ಲೂ ಅದೇ ದಾರಿ ಹಿಡಿದ.

ಮಗಳು ಆಸ್ಪತ್ರೆಯಲ್ಲಿ ನರ್ಸ್. ಮದುವೆ ಮಾತಾಗಿದ್ದ ಹುಡುಗನ ನಡತೆ ಸರಿಬರದೆ ಬೇಡ ಅಂದಿದ್ದಳು. ಆ ಸಿಟ್ಟಿಗೆ ಅವನು, ನಂಬಿಕೆಯಿದ್ದ ಕಾಲದಲ್ಲಿ ಅವಳು ಅವನೊಬ್ಬನಿಗೆ ಅಂತ ಕಳಿಸಿದ್ದ ಬೆತ್ತಲೆ ಫೋಟೊವನ್ನು ಗೆಳೆಯರ ಗುಂಪಿಗೆ ಹಾಕಿದ. ಅಲ್ಲಿಂದ ಅದು ಒಂದೊಂದೇ ಫೋನು ದಾಟಿ ಅವಳ ವಾರ್ಡಿಗೇ ಬಂತು. ಅವಳು ಅಳುತ್ತ ಮೂಲೆ ಹಿಡಿಯಲಿಲ್ಲ, ಠಾಣೆಗೆ ಹೋಗಿ ದೂರು ಕೊಟ್ಟಳು. ಅಲ್ಲಿನ ಇನ್ಸ್‌ಪೆಕ್ಟರಮ್ಮ, ಹುಡುಗ ಹೆದರಿಸಿ ಬರೆದ ಮೆಸೇಜುಗಳ ಪ್ರತಿ ತಾ ಅಂದಿದ್ದರು. ಅವಳು ಫೋನನ್ನು ಅಪ್ಪನ ಕೈಗಿಟ್ಟು, ಮೆಸೇಜು ಮಾತ್ರ ತೆಗೆ, ಬೇರೇನೂ ಮುಟ್ಟಬೇಡ ಅಂತ ಹೇಳಿ ಡ್ಯೂಟಿಗೆ ಹೋದಳು.

ಲಗತ್ತಪ್ಪ ಮುಟ್ಟಿದ. ಮುಖ್ಯ ಲಗತ್ತೇ ಇಲ್ಲದ ದೂರು ಎಂಥ ದೂರು? ಫೋಟೊದ ಪ್ರತಿಗಳು ಯಂತ್ರದಿಂದ ಹೊರಬರುವಾಗ ಟ್ರೇ ಮೇಲೆ ಟವೆಲ್ ಹಾಕಿ, ಗೋಡೆ ಕಡೆ ಮುಖ ಮಾಡಿ ನಿಂತಿದ್ದ. ಹಾಳೆಗಳನ್ನು ಬೋರಲು ಇಟ್ಟುಕೊಂಡು, ಕೈ ಅಭ್ಯಾಸಕ್ಕೆ ಹಿಂಬದಿಯಲ್ಲಿ ಅಂಗಡಿಯ ಮೊಹರು ಒತ್ತಿ ಕವರಿಗೆ ಹಾಕಿದ. ಹುಡುಗನ ಅಪ್ಪನಿಗೊಂದು, ಹುಡುಗನ ಮ್ಯಾನೇಜರನಿಗೊಂದು, ಸಂಬಂಧ ತಂದ ದಲ್ಲಾಳಿಗೊಂದು, ನಮ್ಮ ಕಡೆ ಹಿರಿಯ ಅಂತ ತನ್ನ ಅಣ್ಣನಿಗೊಂದು, ಠಾಣೆಯ ಗುಮಾಸ್ತನಿಗೊಂದು. ನೋಡ್ರಿ ಆ ಹುಡುಗನ ಯೋಗ್ಯತೆ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿ ಬಂದ. ಅವತ್ತು ಹೊಟ್ಟೆ ತುಂಬ ಉಂಡ.

ಈಗ ಹುಡುಗನ ವಕೀಲ ಅದೇ ಹಾಳೆಯನ್ನು ತಂದು ಇನ್ಸ್‌ಪೆಕ್ಟರಮ್ಮನ ಮೇಜಿನ ಮೇಲೆ ಹಾಕಿ, ಮೊಹರು ತೋರಿಸಿದ್ದ. ಹೆತ್ತಪ್ಪನೇ ಮನೆಮನೆಗೆ ಹಂಚಿರುವಾಗ ನಮ್ಮ ಹುಡುಗನೊಬ್ಬನ ಮೇಲೆ ಯಾಕೆ ಕೇಸು ಅಂತ ಅವನ ವಾದ. ಇನ್ಸ್‌ಪೆಕ್ಟರಮ್ಮ ಮಗಳನ್ನು ಕೂರಿಸಿ ಬಿಡಿಸಿ ಹೇಳಿದ್ದರು. ಅವನಿಗೆ ಕಳಿಸೋಕೆ ನೀನು ಒಪ್ಪಿದ್ದು ಬೇರೆ, ಅದನ್ನು ಹಂಚೋಕೆ ಒಪ್ಪೋದು ಬೇರೆ, ಕಾನೂನು ಅವೆರಡನ್ನು ಕಲಸೋದಿಲ್ಲ. ಆದರೆ ಹಂಚಿದವನು ವೈರಿಯೋ ಅಪ್ಪನೋ ಅಂತಲೂ ಅದು ನೋಡೋದಿಲ್ಲ. ಅಪ್ಪ ತಾನೇ ಬಂದು, ಮಗಳನ್ನು ಕೇಳದೆ ಹಂಚಿದೆ ಅಂತ ಹೇಳಿಕೆ ಕೊಟ್ಟು, ಕೊಟ್ಟ ಪ್ರತಿಗಳನ್ನು ತಂದೊಪ್ಪಿಸಿದರೆ ಹುಡುಗನ ಮೇಲಿನ ಕೇಸು ಗಟ್ಟಿಯಾಗಿ ನಿಲ್ಲುತ್ತೆ. ಇಲ್ಲದಿದ್ದರೆ ವಕೀಲ ಗೋಜಲು ಮಾಡಿ ಹುಡುಗನನ್ನು ಬಿಡಿಸಿಕೊಳ್ತಾನೆ.

ಅದನ್ನು ಕೇಳೋಕೇ ಮಗಳು ಬಂದದ್ದು.

“ತಪ್ಪು ಮಾಡ್ದೆ ಅಂತ ನಾನು ಬರ್ಕೊಡ್ಬೇಕಾ? ನಿನಗೋಸ್ಕರ ಬೀದಿಬೀದಿ ಅಲೆದವನು ಕಣೇ ನಾನು.”

“ಬರಿಗೈಲಿ ಅಲೆದಿದ್ರೆ ಕಾಲು ಒತ್ತಿರ್ತಿದ್ದೆ ಅಪ್ಪ.”

ಒಳಗೆ ಪುಸ್ತಕಗಳಿಗೆ ಬೈಂಡು ಹಾಕುತ್ತ ಕೂತಿದ್ದ ತಾಯಿ, ಅಪ್ಪ ಅಲ್ವೇನೇ, ಬಿಟ್ಟುಬಿಡೇ ಅಂದಳು. ಮಗಳು ಅತ್ತ ತಿರುಗಲಿಲ್ಲ. ದೊಡ್ಡಪ್ಪ ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದರಂತೆ, ದೊಡ್ಡಮ್ಮನೇ ಫೋನು ಮಾಡಿ ಹೇಳಿದರು ಅಂದಳು. ಅವಳ ದನಿಯಲ್ಲಿ ಅಳು ಇರಲಿಲ್ಲ. ಇದ್ದಿದ್ದರೆ ಲಗತ್ತಪ್ಪನಿಗೆ ಸುಲಭವಾಗುತ್ತಿತ್ತು.

“ನಾನು ನೋಡ್ಲಿಲ್ಲ ಮಗಳೇ. ನಿನ್ನಾಣೆಗೂ ನೋಡ್ಲಿಲ್ಲ.”

“ಹೌದು, ನೀನೊಬ್ಬ ನೋಡ್ಲಿಲ್ಲ. ಮಿಕ್ಕವರಿಗೆಲ್ಲ ತೋರಿಸ್ದೆ.”

ಅವನು ಬರೆದುಕೊಡಬಹುದಿತ್ತು. ಒಂದು ಹಾಳೆ, ಒಂದು ಸಹಿ. ಆದರೆ ಎದುರಿನ ಕಚೇರಿಯ ಜವಾನರಿಂದ ಹಿಡಿದು ಸಾಹೇಬರವರೆಗೆ ಎಲ್ಲರೂ ಅವನ ಗಿರಾಕಿಗಳು. ಲಗತ್ತಪ್ಪ ಠಾಣೆಯಲ್ಲಿ ತಪ್ಪೊಪ್ಪಿಕೊಂಡನಂತೆ ಅಂತ ನಾಳೆ ಅವರೆಲ್ಲ ಇದೇ ಕಟ್ಟೆಗೆ ಒರಗಿ ಹಲ್ಲು ಕಿಸಿಯುವುದು ಅವನ ಕಣ್ಣಿಗೆ ಕಟ್ಟಿತು. ಅಲ್ಲಿಗೆ ಅವನ ಮೂಗಿನ ತುದಿಯ ಕೋಪ ಮತ್ತೆ ಮೇಲೆ ಬಂತು.

“ನನ್ನ ಮಗಳು ನೀನು. ನಿನ್ನ ಮಾನ ಅಂದ್ರೆ ನನ್ನ ಮಾನ. ಅದಕ್ಕೆ ನಿನ್ನನ್ನ ಕೇಳ್ಬೇಕಾ ನಾನು?”



“ಅವನೂ ಇದನ್ನೇ ಅಂದ ಅಪ್ಪ. ನನ್ನ ಹುಡುಗಿ, ನನಗೆ ಬಂದ ಫೋಟೊ, ಯಾರನ್ನ ಕೇಳ್ಬೇಕು ಅಂತ.”

ಗಾಯದ ಮೇಲೆ ಖಾರ ಸುರಿದ ಹಾಗಾಯಿತು. ಆ ಹಲ್ಕಟ್ ಹುಡುಗನನ್ನೂ ತನ್ನನ್ನೂ ಒಂದೇ ತಕ್ಕಡಿಗೆ ಹಾಕಿದಳಲ್ಲ.

“ಹಾಗಾದ್ರೆ ನನ್ನ ಮೇಲೂ ಕಂಪ್ಲೇಂಟ್ ಕೊಡು, ಹೋಗು. ಲಗತ್ತು ಬೇಕಾದ್ರೆ ಹೇಳು, ಇನ್ನೊಂದು ಪ್ರತಿ ತೆಗೆದುಕೊಡ್ತೀನಿ.”

ಒಳಗೆ ಬೈಂಡಿಂಗ್ ಸದ್ದು ನಿಂತಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ನುಂಗಿಕೊಳ್ಳೋಣ ಅಂದರೆ ಅದಾಗಲೇ ಅವಳನ್ನು ಮುಟ್ಟಿತ್ತು.

ಮಗಳು ಬ್ಯಾಗನ್ನು ಹೆಗಲಿಗೆ ಏರಿಸಿಕೊಂಡಳು.

“ನಿನ್ನ ಮೇಲೆ ಕೊಡೋಕೆ ನನಗೆ ಕೈ ಬರಲ್ಲ. ಅದು ಆ ಹುಡುಗನಿಗೂ ಗೊತ್ತು, ಅವನ ವಕೀಲನಿಗೂ ಗೊತ್ತು. ಅದಕ್ಕೇ ಅವನು ಗೆದ್ದ.”

ಅವಳು ಮೆಟ್ಟಿಲಿಳಿದಳು. ತಾಯಿ ಕೈಯಲ್ಲಿ ಅಂಟು ಹಿಡಿದುಕೊಂಡೇ ಬಾಗಿಲಿಗೆ ಓಡಿಬಂದು, ಕರೀರಿ, ಒಂದು ಸಲ ಕರೀರಿ ಅಂದಳು. ಹೊಟ್ಟೆ ಹಸಿದಾಗ ತಾನೇ ಬರ್ತಾಳೆ ಅಂದ ಲಗತ್ತಪ್ಪ. ಮಗಳು ಅಡ್ಡ ಬಂದ ಗಾಡಿಯೊಂದಕ್ಕೆ ನಿಂತು, ಅದು ಹೋದ ಮೇಲೆ ರಸ್ತೆ ದಾಟಿ, ಕಚೇರಿಯ ಮುಂದಿನ ಜನರ ನಡುವೆ ಸೇರಿಹೋದಳು. ತಿರುಗಿ ನೋಡಲಿಲ್ಲ.

ಊಟಕ್ಕೂ ಬರಲಿಲ್ಲ. ಆಮೇಲೂ ಬರಲಿಲ್ಲ.