ಕಣಕ್ಕೆ ಬಂದ ಹಾಕಿ ಪಂದ್ಯ

ತುಲಾ ಮಾಸದ ಸಿಡಿಲಿಗೆ ನಮ್ಮ ಟಿ.ವಿ. ಸುಟ್ಟುಹೋದಾಗ ನನಗೆ ಒಳಗೊಳಗೇ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ. ಮನೆಯಲ್ಲಿ ಗಲಾಟೆ ಕಡಿಮೆಯಾಯಿತು. ಫೆಬ್ರವರಿಯಲ್ಲಿ ಮಗಳು ಮೋನಿಷಾ ಫೋನ್ ಮಾಡಿ, ರಾಜ್ಯದ ಹಾಕಿ ತಂಡ ಫೈನಲ್‌ಗೆ ಬಂದಿದೆ, ಗೋಲ್‌ಕೀಪರ್ ತಾನೇ, ಗುರುವಾರ ಮಧ್ಯಾಹ್ನ ನೇರ ಪ್ರಸಾರ ಇದೆ ಎಂದ ದಿನ ಆ ಖುಷಿಗೆ ಕಲ್ಲು ಬಿತ್ತು.

ನನ್ನ ಹೆಂಡತಿ ಬೊಳ್ಳಮ್ಮ ಮಗಳ ಆಟವನ್ನು ಒಮ್ಮೆಯೂ ನೋಡಿದವಳಲ್ಲ. ಪಂದ್ಯಗಳೆಲ್ಲ ಬರುವುದು ಕಾಫಿ ಕೊಯ್ಲಿನ ಹೊತ್ತಿಗೇ. ಮೊಬೈಲಿನಲ್ಲಿ ನೋಡೋಣವೆಂದರೆ, ಸಂಪಾಜೆಯ ಕಡೆಯ ನಮ್ಮ ಈ ತಗ್ಗಿನಲ್ಲಿ ಹಲೋ ಎನ್ನುವಷ್ಟೇ ಸಿಗ್ನಲ್.

"ಪೇಟೆಗೆ ಹೋಗಿ ಹೋಟೆಲಲ್ಲಿ ನೋಡುವ," ಎಂದೆ.

"ಪಿಕ್ಕಿಂಗ್‌ಗೆ ಹತ್ತ್ ಜನ ಬಂದುಟ್ಟು. ಕಣದಲ್ಲಿ ಕಾಫಿ ಉಟ್ಟು. ನಾ ಎಲ್ಲಿಗೂ ಹೋದಿಲ್ಲೆ. ಅವ್ಳೇ ಇಲ್ಲಿಗೆ ಬರೊಕು," ಎಂದಳು.

ತಾನು ಹೋಗುವುದಿಲ್ಲ, ಮಗಳ ಆಟವೇ ಕಣಕ್ಕೆ ಬರಬೇಕು ಎಂದು ಅವಳು ಹೇಳಿದ ಮೇಲೆ ಮುಗಿಯಿತು. ಮಡಿಕೇರಿಯಲ್ಲಿ ಕಂಪ್ಯೂಟರ್ ಪಾಠ ಮಾಡುವ ನನ್ನ ಅಣ್ಣನ ಮಗ ಮಿಲನ್ ಒಂದು ದಾರಿ ತೋರಿಸಿದ. ಮೋನಿಷಾ ಬಿಟ್ಟುಹೋದ ಮುದಿ ಲ್ಯಾಪ್‌ಟಾಪಿಗೆ ಹಗುರವಾದ ಲಿನಕ್ಸ್, ಅದರ ಮೇಲೆ ಒಂದು ಪುಟ್ಟ ಸಾಫ್ಟ್‌ವೇರ್. ಪುಕ್ಕಟೆ ಚಾನೆಲ್‌ಗಳ ಡಿಶ್‌ನಿಂದ ಬರುವ ಚಿತ್ರವನ್ನು ಅದು ಹಿಡಿದು, ಮನೆಯ ವೈಫೈ ಮೂಲಕ ಎಷ್ಟು ಮೊಬೈಲಿಗೆ ಬೇಕಾದರೂ ಹಂಚುತ್ತದಂತೆ. ಇಂಟರ್‌ನೆಟ್ ಬೇಕಾಗಿಯೇ ಇಲ್ಲ.

"ಸಾಫ್ಟ್‌ವೇರೂ ಪುಕ್ಕಟೆಯಾ? ಸುಮ್ನೆ ಯಾರ್ ಕೊಟ್ಟವು?" ಎಂದು ಬೊಳ್ಳಮ್ಮನನ್ನು ಕೇಳಿದೆ.

"ಯಾರ್ಯಾರೋ ಸೇರಿ ಬರ್ದದಂತೆ. ಯಾರ್ ಬೇಕಾರೂ ತಿದ್ದಕ್ಕೆ ಆದೆ. ನಾವು ಒಬ್ಬರ ಗದ್ದೆ ನಾಟಿಗೆ ಒಬ್ಬರು ಮುಯ್ಯಾಳ್ ಹೋದಿಲ್ಲೆನಾ? ಹಂಗೇ."

ಮುಯ್ಯಾಳು ಹೋದವನಿಗೆ ಗದ್ದೆಯವರು ಊಟವನ್ನಾದರೂ ಹಾಕುತ್ತಾರೆ, ಇವರಿಗೆ ಯಾರು ಹಾಕುತ್ತಾರೆ ಎಂದು ನಾನು ಗೊಣಗಿದ್ದನ್ನು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಫೋನಿನಲ್ಲಿ ಮಿಲನ್ ಹೇಳಿದ್ದನ್ನು ಒಂದೊಂದೇ ಅಕ್ಷರ ಕುಟ್ಟಿದಳು. ಮೊದಲ ದಿನ ಪರದೆ ಕಪ್ಪು. ಎರಡನೆಯ ದಿನವೂ ಕಪ್ಪು. ಉಗ್ರಾಣದ ಮೂಲೆಗೆ ತಾನೇ ಹತ್ತಿ, ಮಾಡಿನ ಅಂಚಿಗೆ ಡಿಶ್ ಕೂರಿಸಿ, ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ತಿರುಗಿಸಿದಳು. ಮೂರನೆಯ ದಿನ ಮಾತು ಮಾತ್ರ ಬಂತು, ಅದೂ ಯಾವುದೋ ಭಾಷೆಯದು. ಬಿಟ್ಟುಬಿಡು ಮಾರಾಯ್ತಿ ಎಂದೆ. ಅವಳು ಲೋಟ ತುಂಬ ಕಾಫಿ ಕುಡಿದು ಮತ್ತೆ ಕೂತಳು. ಬುಧವಾರ ಸಂಜೆ ಅವಳ ಫೋನಿನಲ್ಲಿ ಚಿತ್ರ ಬಂತು, ಆಮೇಲೆ ಕೆಲಸದ ಮಾರಿಯ ಫೋನಿನಲ್ಲೂ, ಮುದ್ದಿಯ ಫೋನಿನಲ್ಲೂ.

ಗುರುವಾರ ಬೊಳ್ಳಮ್ಮ ಕಣದಲ್ಲಿ ಕಾಫಿ ಎಳೆಯುವ ಹಲಗೆ ಹಿಡಿದುಕೊಂಡೇ ಪಂದ್ಯ ನೋಡಿದಳು. ಫೋನನ್ನು ಗೋಣಿಚೀಲಕ್ಕೆ ಒರಗಿಸಿದ್ದಳು. ಸುತ್ತಮುತ್ತ ನಾಲ್ಕು ಫೋನು, ಹತ್ತು ಜನ. ನಾನು ಮಾತ್ರ ಬಿಗುಮಾನದಿಂದ ತೋಟಕ್ಕೆ ಹೋಗಿ ಕರಿಮೆಣಸು ಕೊಯ್ಯುತ್ತಿದ್ದೆ. ಬಾಯಾರಿಕೆಯಾಗಿ ಇಳಿದು ಬಂದವನು ಬಿದಿರೇಣಿಯನ್ನು ಉಗ್ರಾಣದ ಮೂಲೆಗೆ ಒರಗಿಸಿದೆ. ಮೆಣಸಿನ ಕಾಲದಲ್ಲಿ ಇಪ್ಪತ್ತು ವರ್ಷದಿಂದ ಆ ಏಣಿಗೆ ಅದೇ ಮೂಲೆ. ಕೈಗೆ ರೂಢಿ, ಕಣ್ಣು ಮೇಲೆ ನೋಡಲಿಲ್ಲ. ಟಣ್ ಎಂದಿತು.

ಕಣದಲ್ಲಿ ನಾಲ್ಕು ಫೋನೂ ಒಟ್ಟಿಗೆ ನಿಂತುಹೋದವು. ಪಂದ್ಯ ಒಂದಕ್ಕೊಂದು ಸಮ, ಪೆನಾಲ್ಟಿ ಶೂಟೌಟ್ ಶುರುವಾಗುವುದರಲ್ಲಿತ್ತು. ಡಿಶ್‌ನ ಹಿಡಿ ಮುರಿದು ಅದು ಕತ್ತು ಬಾಗಿಸಿ ನೇತಾಡುತ್ತಿತ್ತು. ಬೊಳ್ಳಮ್ಮ ಡಿಶ್ ನೋಡಿದಳು, ಏಣಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾಚಿಕೆಯಿಂದ ನನ್ನ ಜೀವ ಹಿಡಿಯಷ್ಟಾಯಿತು.

"ಹತ್ತಿ," ಎಂದಳು.

ಹತ್ತಿದೆ. ಡಿಶ್ಶನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ.

"ಎಡಕ್ಕೆ. ಚೂರ್ ಮೇಲೆ. ಹೆಚ್ಚಾತ್. ಇಳ್ಸಿ. ಬಂತ್. ಇನ್ನ್ ಅಲ್ಲಾಡ್ಬೇಡಿ."

ನನ್ನ ಬೆನ್ನು ಕಣದ ಕಡೆಗಿತ್ತು. ಎದುರಿಗೆ ಕಾಣುತ್ತಿದ್ದುದು ತಗಡು ಮತ್ತು ಆಕಾಶ. ಒಮ್ಮೆ ಎಲ್ಲರೂ ಕೂಗಿದರು. "ಹಿಡ್ದಳ್ ಅಕ್ಕ, ಮೋನಿಷಾ ಹಿಡ್ದಳ್," ಎಂದಳು ಮುದ್ದಿ. ಇನ್ನೊಮ್ಮೆ ಕೂಗಿದರು. ಮೂರನೆಯದಕ್ಕೆ ಯಾರೂ ಕೂಗಲಿಲ್ಲ. ಬಿಸಿಲು ನೆತ್ತಿ ಸುಡುತ್ತಿತ್ತು, ಬೆವರು ಕಣ್ಣಿಗಿಳಿಯುತ್ತಿತ್ತು, ಒರೆಸಲು ಕೈ ಇರಲಿಲ್ಲ. ಆಮೇಲೆ ಕಣದಲ್ಲಿ ಸದ್ದೇ ಇಲ್ಲದಾಯಿತು.

"ಎಂಥ ಆತ್?" ಎಂದೆ.

"ಸೋತೊ," ಎಂದಳು ಬೊಳ್ಳಮ್ಮ.

ತೋಳು ಸೋತು ಡಿಶ್ ಒಂಚೂರು ವಾಲಿತು.

"ಬಿಡ್ಬೇಡಿ. ಅವ್ಳ್ ಇನ್ನೂ ಹೆಲ್ಮೆಟ್ ತೆಗ್ದಿಲ್ಲೆ. ಮುಖ ನೋಡೊಕು ನಂಗೆ."

ಮತ್ತೆ ಎತ್ತಿ ಹಿಡಿದೆ. ಎಷ್ಟು ಹೊತ್ತೋ ಗೊತ್ತಿಲ್ಲ.

"ತೆಗ್ದಳಾ?"

"ತೆಗ್ದಳ್."

"ಮರ್ಕುಟ್ಟಳಾ?" ಮಗಳು ಅಳುತ್ತಿದ್ದರೆ ಎಂಬ ಅಳುಕು ನನಗೆ.

"ಇಲ್ಲೆ. ಕೊನೆ ಗೋಲ್ ತಪ್ಪ್ಸಿದ ಹುಡ್ಗಿ ನೆಲದಲ್ಲಿ ಕೂತ್ ಮರ್ಕುಟ್ಟು. ಇವ್ಳ್ ಅದರ ಕೈ ಹಿಡ್ದ್ ಏಳ್ಸ್ತುಟ್ಟಳ್." ಬೊಳ್ಳಮ್ಮನ ದನಿ ಈಗ ಒಡೆಯಿತು. "ನೀವ್ ಇಳೀರಿ. ನಾ ಹಿಡ್ಕಂಡನೆ. ನೀವ್ ನೋಡಿ."

"ನೀನೇ ನೋಡ್," ಎಂದು ನಾನು ಕಾಲನ್ನು ಗಟ್ಟಿಯಾಗಿ ಊರಿದೆ.