ಹ್ಯಾಡ್ಲಿ ಕಾಲೇಜಿನ ಹುಡುಗಿಯರ ಕುಸ್ತಿ

ನಮ್ಮ ಕಾಲೇಜಿಗೆ ಹುಡುಗಿಯರ ಕುಸ್ತಿ ಬಂದದ್ದು ಸರ್ಕಾರದ ದುಡ್ಡಿನಿಂದ. ಕನ್ಸಾಸ್‌ನ ಪಶ್ಚಿಮದ ಅಂಚಿನ ಹ್ಯಾಡ್ಲಿಯಂಥ ಊರಿನಲ್ಲಿ ಕಾಲೇಜು ಸೇರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ಹೊಸ ಆಟ ಶುರುಮಾಡಿದರೆ ಮಕ್ಕಳು ಬಂದಾರು ಎಂದು ಪ್ರಾಂಶುಪಾಲ ರೋಲಂಡ್ ಫ್ರೈ ರಾಜಧಾನಿಗೆ ಓಡಾಡಿ ಅನುದಾನ ತಂದ. ಅದನ್ನು ಮಂಜೂರು ಮಾಡಿಸಿಕೊಟ್ಟವನು ನಮ್ಮ ಭಾಗದ ಸೆನೆಟರ್ ವೆಂಡೆಲ್ ಕ್ರಾಸ್. ನಾನು ಅಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ಒಳ್ಳೆಯದೇ ಆಯಿತು ಅಂದುಕೊಂಡೆ.

ಕೋಚ್ ಆಗಿ ಬಂದವಳು ಡಾರ್ಲಾ ಪೆನ್ನರ್. ಗೋಧಿ ಬೆಳೆಯುವ ಮನೆಯ ಹೆಣ್ಣು, ಮಾತು ಕಡಿಮೆ. ತನ್ನ ಪಿಕಪ್‌ನಲ್ಲಿ ಸುತ್ತಲಿನ ಊರುಗಳನ್ನೆಲ್ಲ ಅಲೆದು, ಹೈಸ್ಕೂಲಿನಲ್ಲಿ ಹುಡುಗರ ಜೊತೆ ಸೆಣಸಿ ಬೆಳೆದ ಹುಡುಗಿಯರನ್ನು ಹುಡುಕಿ ತಂದಳು. ಅವರಲ್ಲಿ ಯೆಸೇನಿಯಾ ಓರ್ತೇಗಾ ಎಲ್ಲರಿಗಿಂತ ಗಟ್ಟಿಗಿತ್ತಿ. ಅವಳ ತಂದೆತಾಯಿ ಊರಾಚೆಯ ಮಾಂಸದ ಕಾರ್ಖಾನೆಯಲ್ಲಿ ದನ ಕೊಯ್ಯುವವರು. ಕುಸ್ತಿಯ ನೆಪದಲ್ಲಾದರೂ ಮಗಳು ನರ್ಸಿಂಗ್ ಓದುತ್ತಾಳೆ ಎಂದು ಅವರಿಗೆ ಹಿಗ್ಗೋ ಹಿಗ್ಗು.

ಅನುದಾನದಲ್ಲಿ ಹೊಸ ಕ್ರೀಡಾ ಕಟ್ಟಡ ಏಳುವವರೆಗೆ ಹೊಂದಿಕೊಳ್ಳಿ ಎಂದು ಫ್ರೈ ಹುಡುಗಿಯರಿಗೆ ದನದ ಪ್ರದರ್ಶನ ನಡೆಯುತ್ತಿದ್ದ ಹಳೆಯ ಕೊಟ್ಟಿಗೆ ಬಿಟ್ಟುಕೊಟ್ಟ. ಎಲ್ಲಿಂದಲೋ ತಂದು ಹಾಸಿದ ಕುಸ್ತಿಯ ಮ್ಯಾಟುಗಳು ಬಿರಿದು, ಒಳಗಿನ ಸ್ಪಂಜು ಕಪ್ಪಿಟ್ಟಿತ್ತು. ಡಾರ್ಲಾ ದಿನವೂ ಬ್ಲೀಚ್ ಹಾಕಿ ತಿಕ್ಕುತ್ತಿದ್ದಳು. ಯಾರಾದರೂ ಬಿದ್ದರೆ ಸಾಕು, ಸ್ಪಂಜಿನೊಳಗಿಂದ ಹುಳಿ ವಾಸನೆ ಉಸಿರಿನಂತೆ ಹೊರಗೆ ಬರುತ್ತಿತ್ತು. ಚಳಿಗಾಲದ ಹೊತ್ತಿಗೆ ಹುಡುಗಿಯರ ಕತ್ತು, ತೋಳು, ಕಿವಿಯ ಹಿಂದೆಲ್ಲ ಹುಳುಕಡ್ಡಿ. ಯೆಸೇನಿಯಾಳ ಮೊಣಕೈ ಕೀವು ಕಟ್ಟಿ ಊದಿಕೊಂಡಿತು. ಹೊಸ ಮ್ಯಾಟು ಕೇಳಲು ಹೋದಾಗಲೆಲ್ಲ ಫ್ರೈ, ಅನುದಾನವೆಲ್ಲ ಕಟ್ಟಡಕ್ಕೆ ಮೀಸಲು ಎಂದು ನಗುತ್ತಲೇ ಡಾರ್ಲಾಳನ್ನು ಸಾಗಹಾಕುತ್ತಿದ್ದ.

ವಸಂತದಲ್ಲಿ ಕಟ್ಟಡ ಮುಗಿಯಿತು. ಅದರಲ್ಲಿ ಕುಸ್ತಿಗೆ ಜಾಗವೇ ಇರಲಿಲ್ಲ. ಬಾಸ್ಕೆಟ್‌ಬಾಲ್ ಅಂಗಳವನ್ನು ಮೇಲಿನಿಂದ ನೋಡಲು ದಾನಿಗಳಿಗೊಂದು ಗಾಜಿನ ಕೋಣೆ, ಚರ್ಮದ ಕುರ್ಚಿಗಳು, ಮದ್ಯದ ಬಾರ್, ಪಕ್ಕದಲ್ಲಿ ಫ್ರೈನ ಹೊಸ ಕಚೇರಿ. ಅಖಾಡ ಎರಡನೇ ಹಂತದಲ್ಲಿ ಬರುತ್ತದಂತೆ. ಉದ್ಘಾಟನೆಗೆ ಹುಡುಗಿಯರು ತಂಡದ ಉಡುಪಿನಲ್ಲೇ ಬಂದು ಅತಿಥಿಗಳಿಗೆ ತಿಂಡಿ ಹಂಚಬೇಕು, ಬಾರದವರ ವಿದ್ಯಾರ್ಥಿವೇತನವನ್ನು ಮತ್ತೆ ಯೋಚಿಸಬೇಕಾಗುತ್ತದೆ ಎಂದು ಅವನು ಹೇಳಿಕಳಿಸಿದ. ಹೋದರು. ಇನ್ನೇನು ಮಾಡಿಯಾರು?

ಯೆಸೇನಿಯಾ ಬ್ಯಾಂಡೇಜಿನ ಕೈಯಲ್ಲಿ ತಟ್ಟೆ ಹಿಡಿದು ಸೆನೆಟರ್ ಮುಂದೆ ನಿಂತಳು. ಅವನು ಒಂದು ಮಾಂಸದುಂಡೆ ಎತ್ತಿಕೊಂಡ. ಅವಳ ಕತ್ತು ಕಂಡದ್ದೇ ಅದನ್ನು ತಟ್ಟೆಗೇ ವಾಪಸ್ ಹಾಕಿದ.

"ಏನಮ್ಮಾ ಅದು ಕತ್ತಿನ ಮೇಲೆ?"

"ಹುಳುಕಡ್ಡಿ ಸಾರ್."

"ಅದನ್ನಿಟ್ಕೊಂಡು ಊಟ ಬಡಿಸ್ತಿದೀಯಾ?"

"ನಿಮ್ಮ ದುಡ್ಡಲ್ಲಿ ಬಂದಿದ್ದೇ ಸಾರ್. ನಮ್ಮ ಪಾಲಿಗೆ ಸಿಕ್ಕಿದ್ದು ಇಷ್ಟೇ."

ಫ್ರೈ ನಗುತ್ತಾ ನಡುವೆ ಬಂದ. ಅಷ್ಟರಲ್ಲಿ ಡಾರ್ಲಾ ಬಾಯಿಬಿಟ್ಟಳು. "ಆ ಕೊಟ್ಟಿಗೇಲಿ ದನ ಇದ್ದಾಗ ಕೆಳಗಿನ ಹುಲ್ಲಾದ್ರೂ ಬದಲಾಯಿಸ್ತಿದ್ರು, ರೋಲಂಡ್. ಈ ಮಕ್ಕಳಿಗೆ ನೀವು ಅಷ್ಟೂ ಮಾಡ್ಲಿಲ್ಲ."

ಎಲ್ಲರ ಗಮನ ಸೆಳೆಯಲು ಯಾರೋ ಗ್ಲಾಸು ತಟ್ಟಿದರು, ಫ್ರೈ ಭಾಷಣ ಶುರುಮಾಡಿದ, ಜನ ಚಪ್ಪಾಳೆ ಹೊಡೆದರು. ಸೆನೆಟರ್ ಕೈ ತೊಳೆದುಕೊಂಡು ಬಂದು ಇನ್ನೊಂದು ತಟ್ಟೆಯಿಂದ ತಿಂದ. ಯೆಸೇನಿಯಾ ತಟ್ಟೆಯನ್ನು ಚರ್ಮದ ಕುರ್ಚಿಯ ಮೇಲಿಟ್ಟು ಹೊರಟಳು. ಉಳಿದ ಹುಡುಗಿಯರೂ ಒಬ್ಬೊಬ್ಬರಾಗಿ ಅವಳ ಹಿಂದೆಯೇ ನಡೆದರು.

ಮುಂದಿನ ವಾರವೇ ಆಡಳಿತ ಮಂಡಳಿ ಸೇರಿತು. ಡಾರ್ಲಾ ಮ್ಯಾಟಿನ ಒಂದು ತುಂಡು ಕುಯ್ದು ತಂದು ಅವರ ಮೇಜಿನ ಮೇಲೆ ಇಟ್ಟಳು. ಸದಸ್ಯರು ಕುರ್ಚಿ ಹಿಂದಕ್ಕೆ ಸರಿಸಿದರು. ಒಬ್ಬ ಕಿಟಕಿ ತೆಗೆಯಲು ಹೇಳಿದ. ನಾನೂ ಎದ್ದು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಧನ್ಯವಾದ ಅಂದರು. ಕೊನೆಗೆ, ವಿದ್ಯಾರ್ಥಿನಿಯರ ಆರೋಗ್ಯದ ಹಿತದೃಷ್ಟಿಯಿಂದ ಹುಡುಗಿಯರ ಕುಸ್ತಿಯನ್ನು ನಿಲ್ಲಿಸಲಾಗಿದೆ ಎಂದು ತೀರ್ಮಾನ ಮಾಡಿದರು. ಗಾಜಿನ ಕೋಣೆಯ ಬಗ್ಗೆ ಒಬ್ಬನೂ ಪಿಟ್ಟೆನ್ನಲಿಲ್ಲ. ಬೇಸಿಗೆಯಲ್ಲಿ ಅಲ್ಲಿ ಸೆನೆಟರ್ ಮಗಳ ಮದುವೆ ಊಟವಾಯಿತು.

ಡಾರ್ಲಾ ಯಾರ್‍ಯಾರದೋ ಕೈಕಾಲು ಹಿಡಿದು, ನೆಬ್ರಾಸ್ಕಾದ ಒಂದು ಕಾಲೇಜಿನಲ್ಲಿ ಹುಡುಗಿಯರಿಗೆ ಜಾಗ ಕೊಡಿಸಿ, ತಾನೂ ಅತ್ತಲೇ ಹೋದಳು. ಯೆಸೇನಿಯಾಗೆ ಹೋಗಲಾಗಲಿಲ್ಲ. ಮೊಣಕೈಗೆ ಶಸ್ತ್ರಚಿಕಿತ್ಸೆಯಾಗಿತ್ತು, ತೋಳು ಪೂರ್ತಿ ಚಾಚಲು ಬರುತ್ತಿರಲಿಲ್ಲ. ಕುಸ್ತಿಯ ಜೊತೆ ವಿದ್ಯಾರ್ಥಿವೇತನವೂ ಹೋಗಿ, ಓದು ಬಿಟ್ಟು ಊರಿನ ವೃದ್ಧಾಶ್ರಮದಲ್ಲಿ ಸಹಾಯಕಿಯಾಗಿ ಸೇರಿದಳು. ಶರತ್ಕಾಲದಲ್ಲಿ ಫ್ರೈ ಅಲ್ಲಿಗೇ ಬಂದನಂತೆ. ನರ್ಸಿಂಗ್ ಮುಂದುವರಿಸಲು ಶುಲ್ಕವಿಲ್ಲದೆ ಸೀಟು ಕೊಡುತ್ತೇನೆ, ದಾನಿಗಳ ಊಟದ ದಿನ ಬಂದು ಕಾಲೇಜಿನ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿದರೆ ಸಾಕು ಎಂದನಂತೆ.

ಇದನ್ನು ನನಗೆ ಹೇಳುವಾಗ ಅವಳು ಮುದುಕಿಯೊಬ್ಬಳಿಗೆ ಗಂಜಿ ಕುಡಿಸುತ್ತಿದ್ದಳು. ನೀನೇನು ಹೇಳಿದೆ ಎಂದು ಕೇಳಿದೆ.

"ಬೇಡ ಅಂದೆ, ಮಿಸ್. ಪಕ್ಕದ ಜಿಲ್ಲೇಲಿ ಸಂಜೆ ಕ್ಲಾಸಿದೆ, ನಿಧಾನ ಆದ್ರೂ ಓದ್ಕೋತೀನಿ. ಆ ಮನುಷ್ಯನ ಕೈಯಿಂದ ನೀರು ಕುಡಿದ್ರೂ ನಂಗೆ ವಾಂತಿ ಬರುತ್ತೆ."

ಹಾಗೆಂದು, ಮುದುಕಿಯ ಗಲ್ಲದ ಮೇಲೆ ಚೆಲ್ಲಿದ್ದನ್ನು ಮೆಲ್ಲಗೆ ಒರೆಸಿದಳು.